ಸಿಹಿ ಹದವಾಗಿತ್ತು

ಫೆಬ್ರವರಿ ೯

ಅತ್ತಿಗೆಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಸಾಲಿಗೆ ಹಾರಿ ಅದನ್ನೇ ಹುಡುಕುತ್ತೀರಿ. ವಿಷಯ ಇಷ್ಟೇ, ನಾನು ಜಾಗ ಬದಲಿಸಿದ್ದೇನೆ. ಹಳೆಯ ಕೋಣೆಯ ಗೋಡೆಯಲ್ಲಿ ತೇವ ಇಳಿದು ನನ್ನ ಪುಸ್ತಕಗಳೆಲ್ಲ ಬೂಷ್ಟು ಹಿಡಿಯುತ್ತಿದ್ದವು. ಈಗಿರುವುದು ಉದ್ದನೆಯ ಕೊಠಡಿ. ಆರು ಮಂಚ, ಎತ್ತರದ ಕಿಟಕಿಗಳು. ಬೆಳಿಗ್ಗೆ ಆರಕ್ಕೆ ಬಂದು ಎಬ್ಬಿಸುತ್ತಾರೆ, ದಿನಾ ಹಾಸಿಗೆಯ ಬಟ್ಟೆ ಬದಲಿಸುತ್ತಾರೆ. ಇಷ್ಟು ಮರ್ಯಾದೆ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಇಲ್ಲಿಗೆ ಅಂಚೆ ನೆಟ್ಟಗೆ ಬರುವುದಿಲ್ಲ. ಹಾಗಾಗಿ ಬೈಂಡಿಂಗ್ ಅಂಗಡಿಗೇ, ನಮ್ಮ ಮೇಸ್ತ್ರಿಯ ಹೆಸರಿಗೆ ಬರೆಯಿರಿ. ಅವರು ತಂದುಕೊಡುತ್ತಾರೆ.

ಫೋನ್ ಮಾಡಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡಿ. ಗಂಟಲು ಕಟ್ಟಿಕೊಂಡಿದೆ. ಅಂಗಡಿಯ ಅಂಟು ಕುದಿಸುವ ಹೊಗೆಯೇ ಕಾರಣ ಇರಬೇಕು.

ಇಲ್ಲಿನ ಊಟದ ಬಗ್ಗೆ ಏನು ಹೇಳಲಿ! ಅದಕ್ಕೆ ಬಣ್ಣವಿಲ್ಲ, ಹೆಸರಿಲ್ಲ, ಹಲ್ಲಿಗೆ ಕೆಲಸವಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತದೆ ಎನ್ನುವುದೊಂದೇ ಅದರ ಗುಣ. ನಿಮ್ಮಿಂದ ಒಂದು ಉಪಕಾರ ಬೇಕು. ನೀವು ಅಲ್ಲಿ ಏನು ಮಾಡಿಕೊಂಡು ತಿನ್ನುತ್ತೀರೋ ಅದನ್ನು ಬರೆದು ಕಳಿಸಿ. ‘ಗಂಜಿ ಮಾಡಿದ್ದೆ’ ಎಂದು ಒಂದು ಸಾಲಲ್ಲಿ ಮುಗಿಸಬೇಡಿ. ಪಾತ್ರೆ ಇಟ್ಟಲ್ಲಿಂದ ಬಟ್ಟಲು ತೊಳೆದು ಬೋರಲು ಹಾಕುವವರೆಗೆ ಬರೆಯಿರಿ. ಕಾಗದದಲ್ಲೇ ಉಂಡು ಕೈ ತೊಳೆಯುತ್ತೇನೆ.

ನಿಮ್ಮ ಮೈದುನ


ಫೆಬ್ರವರಿ ೧೬

ಶ್ರೀಮಾನ್ ಹೊಟ್ಟೆಬಾಕನಿಗೆ,

ಮದುವೆಯಾಗಿ ಬಂದ ಮೊದಲ ದಿನ ಒಂಬತ್ತು ವರ್ಷದ ನೀನು ನನ್ನ ಎದುರು ಕೂತು ಅರ್ಧ ಪಾತ್ರೆ ಅನ್ನ ಖಾಲಿ ಮಾಡಿ, “ಇನ್ನೂ ಇದೆಯಾ?” ಎಂದು ಕೇಳಿದ್ದೆ. ನಿನ್ನ ಅಣ್ಣ ತಲೆ ತಗ್ಗಿಸಿ, “ತಾಯಿಲ್ಲದ ಹುಡುಗ, ಏನೂ ಅಂದುಕೋಬೇಡ” ಎಂದಿದ್ದರು. ನಾನೇನೂ ಅಂದುಕೊಳ್ಳಲಿಲ್ಲ, ಹೆಸರು ಇಟ್ಟೆ ಅಷ್ಟೆ. ಮೂವತ್ತು ವರ್ಷವಾದರೂ ಆ ಹೆಸರಿಗೆ ನೀನು ಮೋಸ ಮಾಡಿಲ್ಲ. ಎಬ್ಬಿಸಲು ಆಳು, ಹಾಸಿಗೆ ಹಾಸಲು ಆಳು, ಅದರ ಮೇಲೆ ಊಟದ ಬಗ್ಗೆ ದೂರು. ರಾಜಭೋಗ ಕಣಪ್ಪಾ ನಿನ್ನದು!

ಸರಿ, ಕೈ ತೊಳೆದು ಕೂತುಕೋ. ಇವತ್ತು ಗಂಜಿ.

ಒಂದು ಹಿಡಿ ಅಕ್ಕಿ ಮೂರು ಸಲ ತೊಳೆದೆ. ನಾಲ್ಕನೆಯ ಸಲ ತೊಳೆದರೆ ಅಕ್ಕಿಗೆ ಬೇಸರವಾಗುತ್ತದೆ. ದಪ್ಪ ತಳದ ಪಾತ್ರೆ, ಅದೇ, ಒಂದು ಕಿವಿ ಮುರಿದದ್ದು. ಹತ್ತರಷ್ಟು ನೀರು. ಮುಚ್ಚಳವನ್ನು ಪೂರ್ತಿ ಮುಚ್ಚದೆ ಸೌಟು ಅಡ್ಡ ಇಟ್ಟು ಓರೆ ಮಾಡಿದೆ. ಮೊದಲು ಪಾತ್ರೆ ಗುಸುಗುಸು ಎನ್ನುತ್ತದೆ, ಆಮೇಲೆ ನೊರೆ ಎದ್ದು ಮುಚ್ಚಳವನ್ನು ಟಕಟಕ ಬಡಿಯುತ್ತದೆ, ಆಗ ಉರಿ ತಗ್ಗಿಸಬೇಕು. ಅಕ್ಕಿ ಅರಳಿ ನೀರೂ ಅನ್ನವೂ ಬೇರೆ ಬೇರೆ ಅನ್ನಿಸದ ಹೊತ್ತಿಗೆ ಉಪ್ಪು, ಬೆರಳ ತುದಿಯಷ್ಟು ಬೆಣ್ಣೆ. ಬೆಣ್ಣೆ ಕರಗುವ ಮುಂಚೆ ಒಂದು ಸುತ್ತು ತೇಲುತ್ತದೆ, ಅದನ್ನು ನೋಡುತ್ತಾ ಕೂರಬೇಕು. ಕಿಟಕಿಯ ಹತ್ತಿರ ಕೂತು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದೆ. ಉಪ್ಪು ಹಿಡಿದಾಗ ಅಕ್ಕಿಯೊಳಗಿನ ಸಿಹಿ ಮೆಲ್ಲಗೆ ಎದ್ದು ಬಂತು. ಎದೆಯವರೆಗೂ ಬೆಚ್ಚಗಾಯಿತು.

ಗಂಜಿ ಮಾಡುವಾಗಲೆಲ್ಲ ನಿನ್ನ ಅಣ್ಣನ ನೆನಪು ಬಿಡುವುದಿಲ್ಲ. ಕೊನೆಯ ನಾಲ್ಕು ತಿಂಗಳು ಇದೇ ಗಂಜಿ, ದಿನಕ್ಕೆ ಐದು ಸಲ ಕೊಟ್ಟೆ. ಗಂಟಲೊಳಗೆ ಇಳಿಯಲಿಲ್ಲ. ತುಂಬಿದ ಬಟ್ಟಲು ತುಂಬಿದ ಹಾಗೆಯೇ ಅಡುಗೆಮನೆಗೆ ವಾಪಸ್ ಬರುತ್ತಿತ್ತು. ಅವರು ಹೋದ ದಿನ ನಿನ್ನೆದುರಿಗೇ ಹೇಳಿದ್ದೆನಲ್ಲ, ಇನ್ನೊಂದು ಬಟ್ಟಲು ಹಾಗೆ ವಾಪಸ್ ಬರುವುದನ್ನು ನೋಡಿದರೆ ನಾನು ಬದುಕುವುದಿಲ್ಲ ಎಂದು. ಅದಕ್ಕೇ ನಿನ್ನಂಥ ಹೊಟ್ಟೆಬಾಕ ಒಬ್ಬನಾದರೂ ಉಳಿದನಲ್ಲ ಎಂದು ನನಗೆ ಸಮಾಧಾನ. ಗಂಟಲಿಗೆ ಬಿಸಿನೀರು ಮುಕ್ಕಳಿಸು.

ಅತ್ತಿಗೆ


ಫೆಬ್ರವರಿ ೨೭

ಅತ್ತಿಗೆ,

ಗಂಜಿ ಮೂರು ಸಲ ಉಂಡೆ. ಮೊದಲ ಸಲ ಅವಸರದಲ್ಲಿ, ಎರಡನೆಯ ಸಲ ನಿಧಾನವಾಗಿ, ಮೂರನೆಯ ಸಲ ಗಟ್ಟಿಯಾಗಿ ಓದಿಸಿದೆ. ನನಗೆ ಗಂಟಲಿಲ್ಲವಲ್ಲ, ಮೇಸ್ತ್ರಿ ಓದಿದರು. ಬೈಂಡಿಂಗ್ ಕತ್ತರಿಯ ಹಾಗೆ ಗರಗರ ದನಿ ಅವರದು, ಆದರೂ ಕೊಠಡಿಯಲ್ಲಿ ಎಲ್ಲರೂ ಸುಮ್ಮನೆ ಕೇಳಿದರು. ಪಕ್ಕದ ಮಂಚದ ತಾತ ಕೊನೆಯಲ್ಲಿ, “ಬೆಣ್ಣೆ ತೇಲೋದು ಇನ್ನೊಂದ್ಸಲ ಓದಪ್ಪ” ಎಂದರು. ಅವರಿಗೂ ಇಲ್ಲಿನ ಊಟ ಹಿಡಿಸುವುದಿಲ್ಲ.

ಮುಂದಿನ ಸಲ ಚಹಾ ಬರೆಯಿರಿ. ಸಂಜೆ ನಾಲ್ಕಕ್ಕೆ ನೀವು ಮಾಡುವ ಶುಂಠಿ ಚಹಾ. ನಾಲ್ಕು ಗಂಟೆಯೆಂದರೆ ಇಲ್ಲಿ ಬಹಳ ಉದ್ದ.

ಮೈದುನ


ಮಾರ್ಚ್ ೮

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಹಿಟ್ಟಿನ ಡಬ್ಬದ ಕೆಳಗೆ ಇಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ, ಅದಕ್ಕೆ.

ನನಗೆ ರುಚಿ ಗೊತ್ತಾಗುವುದಿಲ್ಲ ಕಣೋ. ಕಳೆದ ವರ್ಷ ಜ್ವರ ಬಂದಿತ್ತು ಎಂದು ಬರೆದಿದ್ದೆನಲ್ಲ, ಆ ಜ್ವರ ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಎತ್ತಿಕೊಂಡು ಹೋಯಿತು. ಡಾಕ್ಟರು, ಬಂದರೂ ಬರಬಹುದು ಎಂದರು. ಇನ್ನೂ ಬಂದಿಲ್ಲ. ಶುಂಠಿ ಜಜ್ಜಿ ಮೂಗಿಗೆ ಹಿಡಿದರೂ ಅಷ್ಟೆ, ಕಲ್ಲು ಹಿಡಿದರೂ ಅಷ್ಟೆ. ಗಂಜಿಯೂ ಬಿಸಿನೀರೂ ಒಂದೇ. ಒಂದು ದಿನ ಹಾಲು ಸೀದು ಕೋಣೆಯೆಲ್ಲ ಹೊಗೆ ತುಂಬಿದಾಗ ಕಣ್ಣು ಉರಿದು ಗೊತ್ತಾಯಿತು.

ಹಾಗಾಗಿ ಲೆಕ್ಕದ ಮೇಲೆ ಅಡುಗೆ ಮಾಡುತ್ತೇನೆ. ಉಪ್ಪಿನ ಭರಣಿ ಎಡಗಡೆ, ಸಕ್ಕರೆಯದು ಬಲಗಡೆ. ಎರಡೂ ಒಂದೇ ತರಹದ ಭರಣಿ, ಎರಡನ್ನೂ ನುಣ್ಣಗೆ ಪುಡಿ ಮಾಡಿ ಇಡುವುದು ನನ್ನ ಹಳೆಯ ಚಾಳಿ. ಮೊದಲೆಲ್ಲ ಬೆರಳು ನೆಕ್ಕಿ ನೋಡುತ್ತಿದ್ದೆ. ಈಗ ಜಾಗ ನೋಡುತ್ತೇನೆ. ಕೆಳಮನೆಯ ಟೀಚರಮ್ಮನಿಗೆ ಮಾತ್ರ ಈ ವಿಷಯ ಗೊತ್ತು.

ನಿನ್ನ ಕಾಗದ ಬರುವ ಮುಂಚೆ ನಾನು ಒಲೆ ಹಚ್ಚಿ ಎರಡು ತಿಂಗಳಾಗಿತ್ತು. ಬ್ರೆಡ್ಡನ್ನು ನೀರಿಗೆ ಅದ್ದಿ ನುಂಗುತ್ತಿದ್ದೆ. ಯಾರಿಗಾಗಿ ಮಾಡಲಿ, ಯಾವ ನಾಲಿಗೆಯಿಂದ ತಿನ್ನಲಿ? ಮೊನ್ನೆಯ ಗಂಜಿಯನ್ನು ನಿನಗೆ ಬರೆಯಬೇಕಲ್ಲ ಎಂದು ಮಾತ್ರ ಮಾಡಿದೆ. ಅಕ್ಕಿಯೊಳಗಿನ ಸಿಹಿ ಎದ್ದು ಬಂತು ಎಂದದ್ದು ನೆನಪಿನಿಂದ ಬರೆದ ಸುಳ್ಳು. ಈ ಲೋಕದಲ್ಲಿ ನಾನು ಒಳ್ಳೆಯ ಅಡುಗೆಯವಳು ಎಂದು ನಂಬಿರುವವನು ನೀನೊಬ್ಬನೇ ಉಳಿದಿರುವುದು. ಅದನ್ನೂ ಕಳೆದುಕೊಂಡರೆ ನನ್ನಲ್ಲಿ ಇನ್ನೇನೂ ಇಲ್ಲ.


ಮಾರ್ಚ್ ೯

ಹೊಟ್ಟೆಬಾಕನಿಗೆ,

ಕೇಳಿದೆಯಲ್ಲ, ತಗೋ ಚಹಾ.

ನೀರು ಇಟ್ಟೆ. ಶುಂಠಿಯನ್ನು ತುರಿಯಬಾರದು, ಜಜ್ಜಬೇಕು. ಗುಂಡುಕಲ್ಲಿನ ಒಂದೇ ಏಟಿಗೆ ಅದು ನಾರು ನಾರಾಗಿ ಬಾಯಿ ಬಿಡುತ್ತದೆ. ನೀರಿನ ತಳದಲ್ಲಿ ಸಾಸಿವೆಯಂಥ ಗುಳ್ಳೆ ಕಂಡಾಗ ಶುಂಠಿ, ಗುಳ್ಳೆ ಬಟಾಣಿಯಷ್ಟಾದಾಗ ಚಹಾಪುಡಿ. ಬಣ್ಣ ಮೊದಲು ದಾರದ ಹಾಗೆ ಇಳಿದು ಆಮೇಲೆ ಒಟ್ಟಿಗೇ ಹರಡುತ್ತದೆ. ಹಾಲು ಹಾಕಿ, ಉಕ್ಕಿ ಬಂದದ್ದನ್ನು ಎರಡು ಸಲ ಹೆದರಿಸಿ ಕೆಳಗಿಳಿಸಿದೆ. ನಿನ್ನ ಅಣ್ಣನ ದೊಡ್ಡ ಲೋಟದಲ್ಲೇ ಸೋಸಿದೆ. ಸುಟ್ಟ ಬೆರಳನ್ನು ಕಿವಿಗೆ ಮುಟ್ಟಿಸಿಕೊಂಡು ಕಿಟಕಿಗೆ ಬಂದೆ. ಎದುರು ಬೀದಿಯ ಚಪ್ಪಲಿ ಹೊಲಿಯುವವನು ಅಂಗಡಿ ಮುಚ್ಚುತ್ತಿದ್ದ. ಬೀದಿಯಲ್ಲಿ ಬಿಸಿಲು ಅವನ ಪೆಟ್ಟಿಗೆಯವರೆಗೆ ಮಾತ್ರ ಉಳಿದಿತ್ತು. ಮೊದಲ ಗುಟುಕು ಗಂಟಲಲ್ಲಿ ಖಾರವಾಗಿ ಇಳಿಯಿತು. ಎರಡನೆಯದಕ್ಕೆ ಭುಜ ಸಡಿಲವಾಯಿತು.

ಗಂಟಲು ಹೇಗಿದೆ ಎಂದು ನೀನು ಬರೆಯಲೇ ಇಲ್ಲ.

ಅತ್ತಿಗೆ


ಮಾರ್ಚ್ ೨೧

ಅತ್ತಿಗೆ,

ಗಂಟಲು ಹಾಗೇ ಇದೆ, ಬಿಡಿ. ಮಾತು ಕಡಿಮೆಯಾಗಿ ನಾನು ದೊಡ್ಡ ಮನುಷ್ಯನ ಹಾಗೆ ಕಾಣುತ್ತಿದ್ದೇನಂತೆ.

ನಿಮ್ಮ ಚಹಾವನ್ನು ದಿನಾ ನಾಲ್ಕಕ್ಕೆ ಕುಡಿಯುತ್ತಿದ್ದೇನೆ. ಒಂದು ಗಮನಿಸಿದೆ, ಹೇಳಲಾ? ಮುಂಚೆ ನೀವು ಅಡುಗೆಯ ಮಾತಾಡಿದರೆ ಬರೀ ಹುಳಿ ಸಾಲದು, ಖಾರ ಮುಂದಾಯಿತು ಎನ್ನುವುದೇ ಇರುತ್ತಿತ್ತು. ಈಗ ಪಾತ್ರೆಯ ಸದ್ದು, ಗುಳ್ಳೆಯ ಗಾತ್ರ, ಬಿಸಿಲು, ಚಪ್ಪಲಿ ಹೊಲಿಯುವವನು. ನಮ್ಮ ಅತ್ತಿಗೆ ಕವಿಯಾಗುತ್ತಿದ್ದಾರೆ ಎಂದು ಮೇಸ್ತ್ರಿಗೆ ಹೇಳಿದೆ. ನನಗಂತೂ ಇದೇ ಒಳ್ಳೆಯದು. ರುಚಿಯ ಮಾತು ಬಂದರೆ ಸ್ವಲ್ಪ ಕಷ್ಟವಾಗುತ್ತದೆ, ಸದ್ದು ಮತ್ತು ಬಣ್ಣ ಸಲೀಸಾಗಿ ಒಳಗಿಳಿಯುತ್ತವೆ.

ನಿಮ್ಮ ಕಾಗದಗಳನ್ನು ಹೊಲಿದು ಪುಸ್ತಕ ಮಾಡುತ್ತಿದ್ದೇನೆ. ಮೇಸ್ತ್ರಿ ಸೂಜಿ, ದಾರ, ಮೇಣ ತಂದುಕೊಟ್ಟಿದ್ದಾರೆ. ಮಂಚದ ಮೇಲೆ ಕೂತೇ ಮಾಡಬಹುದಾದ ಕೆಲಸ. ಗಂಜಿ ಮೊದಲ ಅಧ್ಯಾಯ, ಚಹಾ ಎರಡನೆಯದು. ಇನ್ನೂ ಬೇಕು.

ಮೈದುನ


ಏಪ್ರಿಲ್ ೩

ಹೊಟ್ಟೆಬಾಕನಿಗೆ,

ಕವಿಯಂತೆ! ನಿನ್ನ ತಲೆ.

ನಿನ್ನೆ ಆಲೂಗಡ್ಡೆ. ಸಿಪ್ಪೆಯ ಸಮೇತ ಬೇಯಿಸಿ, ಬಿಸಿ ಇರುವಾಗಲೇ ಕೈಯಿಂದ ಕೈಗೆ ಹಾರಿಸುತ್ತಾ ಸುಲಿದೆ. ಸಿಪ್ಪೆ ಒಂದೇ ಎಳೆಯಲ್ಲಿ ಬಂದರೆ ಆ ದಿನ ಒಳ್ಳೆಯದಾಗುತ್ತದೆ ಎಂದು ನೀನೇ ಕಟ್ಟಿದ ಕಥೆ. ನಿನ್ನೆ ಹಾಗೆ ಬಂತು. ಬೆರಳಲ್ಲಿ ಒಡೆದಾಗ ಒಳಗಿನಿಂದ ಹೊಗೆ ಎದ್ದು ಕನ್ನಡಕ ಮಸುಕಾಯಿತು. ಬಾಣಲೆಯಲ್ಲಿ ಈರುಳ್ಳಿಯನ್ನು ಅವಸರವಿಲ್ಲದೆ ಕೆಂಪಗೆ ಮಾಡಿ ಮೇಲೆ ಸುರಿದೆ. ಒಂದು ಮೊಟ್ಟೆ ಒಡೆದು ಹಾಕಿದೆ. ತಟ್ಟೆಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದೆ. ತೊಳೆಯುವ ಕೆಲಸವೇ ಉಳಿಯಲಿಲ್ಲ.

ಎಷ್ಟು ದಿನ ಕಾಗದವನ್ನೇ ತಿನ್ನಿಸಲಿ? ಇವತ್ತು ಒಂದು ಡಬ್ಬಿ ಕಳಿಸಿದ್ದೇನೆ. ಬೆಣ್ಣೆ ಬಿಸ್ಕತ್ತು, ಇಪ್ಪತ್ತನಾಲ್ಕು, ಏಲಕ್ಕಿ ಹಾಕಿದ್ದು. ನೀನು ಪರೀಕ್ಷೆಗೆ ಹೋಗುವಾಗ ಜೇಬಿಗೆ ತುಂಬುತ್ತಿದ್ದೆನಲ್ಲ, ಅದೇ. ಮೇ ತಿಂಗಳಲ್ಲಿ ನಾನೇ ಬಂದುಬಿಡುತ್ತೇನೆ. ಆ ರಾಜಭೋಗದ ಕೊಠಡಿಯನ್ನೂ ನೋಡಿದಂತಾಯಿತು. ಎರಡು ದಿನ ಅಲ್ಲೇ ಒಲೆ ಹೂಡಿ ನಿನಗೂ ಆ ತಾತನಿಗೂ ಬಡಿಸುತ್ತೇನೆ.

ಅತ್ತಿಗೆ


ಏಪ್ರಿಲ್ ೧೫

ಅತ್ತಿಗೆ,

ಡಬ್ಬಿ ತಲುಪಿತು. ಮುಚ್ಚಳ ತೆಗೆದದ್ದೇ ಕೊಠಡಿಯವರೆಲ್ಲ ನನ್ನ ಕಡೆ ತಿರುಗಿದರು. ಕೂತಲ್ಲೇ ಆರು ಬಿಸ್ಕತ್ತು ಮುಗಿಸಿದೆ. ಬೆಣ್ಣೆ ಬಾಯಲ್ಲಿ ಕರಗಿತು, ಸಿಹಿ ಹದವಾಗಿತ್ತು. ನಿಮ್ಮ ಕೈ ಒಂದಿಷ್ಟೂ ಬದಲಾಗಿಲ್ಲ.

ಮೇ ತಿಂಗಳಲ್ಲಿ ಮಾತ್ರ ಬರಬೇಡಿ. ಅಂಗಡಿಯಲ್ಲಿ ಶಾಲೆಯ ಪುಸ್ತಕಗಳ ಕೆಲಸ ತಲೆಯ ಮೇಲಿರುತ್ತದೆ, ನಿಮ್ಮನ್ನು ಮಾತಾಡಿಸಲೂ ಆಗುವುದಿಲ್ಲ. ಇಲ್ಲಿ ಹೊರಗಿನವರನ್ನು ಉಳಿಸಿಕೊಳ್ಳಲು ಬಿಡುವುದೂ ಇಲ್ಲ. ಆಮೇಲೆ ನೋಡೋಣ. ಕಾಗದ ಮಾತ್ರ ತಪ್ಪಿಸಬೇಡಿ.

ಮೈದುನ


ಏಪ್ರಿಲ್ ೨೪

ನಿನಗೆ,

ಸಿಹಿ ಹದವಾಗಿತ್ತೇ?

ಆ ಬಿಸ್ಕತ್ತಿಗೆ ನಾನು ಹಾಕಿದ್ದು ಉಪ್ಪು. ಒಂದು ಬಟ್ಟಲು ತುಂಬ ಉಪ್ಪು. ಟೀಚರಮ್ಮ ನನಗೆ ಸಹಾಯವಾಗಲೆಂದು ಶೆಲ್ಫು ಒರೆಸಿ ಭರಣಿಗಳನ್ನು ಅದಲು ಬದಲು ಇಟ್ಟಿದ್ದರು, ನಾನು ನೋಡದೆ ಸುರಿದೆ. ಮನೆಯಲ್ಲಿ ಉಳಿಸಿಕೊಂಡಿದ್ದರಲ್ಲಿ ಒಂದನ್ನು ಅವರು ಬಾಯಿಗಿಟ್ಟು ನಲ್ಲಿಗೆ ಓಡಿದರು. “ಇದನ್ನು ಕಳಿಸಿಬಿಟ್ಟಿರಾ? ಅಯ್ಯೋ, ಅವರು ಏನಂದುಕೋತಾರೆ!” ಎಂದು ಅವರು, “ಏನಂದುಕೋತಾನೆ, ಹತ್ತು ವರ್ಷ ಆಡಿಕೋತಾನೆ” ಎಂದು ನಾನು, ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನೀನು ಏನೆಂದು ಬೈದು ಬರೆಯುತ್ತೀಯೋ ಎಂದು ಮೂರು ವಾರ ಕಾದೆ. ಕೊನೆಗೆ ಬಂದದ್ದು ಇದು. ಆರು ತಿಂದೆ, ಸಿಹಿ ಹದವಾಗಿತ್ತು.

ಒಂದು ಚೂರೂ ಬಾಯಿಗೆ ಹಾಕಿಲ್ಲ ನೀನು. ಯಾರಿಗೆ ಕೊಟ್ಟೆ? ಯಾವ ತೊಟ್ಟಿಗೆ ಸುರಿದೆ? ಈಗ ಒಂದೊಂದೇ ಅರ್ಥವಾಗುತ್ತಿದೆ. ಹೊಸ ಜಾಗದ ವಿಳಾಸ ಕೊಡಲಿಲ್ಲ. ಫೋನಿಗೆ ಗಂಟಲಿಲ್ಲ. ಬರುತ್ತೇನೆಂದರೆ ಬೇಡ. ಅಲ್ಲಿನವರ ಮುಂದೆ ಹಳೆಯ ಸೀರೆಯುಟ್ಟು ಡಬ್ಬಿ ಹಿಡಿದು ಬರುವ ಅತ್ತಿಗೆಯೊಬ್ಬಳು ಬೇಡ, ಅಷ್ಟೇ ತಾನೆ? ಅದನ್ನು ನೇರವಾಗಿ ಹೇಳಬಹುದಿತ್ತು. ನಾನೇನು ನಿನ್ನನ್ನು ಹೆತ್ತವಳೇ, ಒಡಹುಟ್ಟಿದವಳೇ? ನಿನ್ನ ಅಣ್ಣನ ಕೈ ಹಿಡಿದು ಬಂದವಳು. ಆ ಕೈಯೇ ಇಲ್ಲವಾದ ಮೇಲೆ ನನ್ನ ಹಕ್ಕೆಷ್ಟು ಎಂದು ನನಗೇ ಗೊತ್ತಿರಬೇಕಿತ್ತು.

ನನ್ನ ಗಂಜಿ ಚಹಾಗಳನ್ನು ಗಟ್ಟಿಯಾಗಿ ಓದಿಸಿ ನಕ್ಕಿದ್ದು ಸಾಕು. ಇನ್ನು ನಾನು ಬರೆಯುವುದಿಲ್ಲ.


ಮೇ ೪

ಅತ್ತಿಗೆ,

ನೀವು ಹೇಳಿದ್ದು ನಿಜ. ನಾನು ತಿನ್ನಲಿಲ್ಲ. ಸುಳ್ಳು ಬರೆದೆ. ಇನ್ನೊಬ್ಬರ ಕೈಯ ಬೆವರಿಗೆ ಬೆಲೆ ಗೊತ್ತಿಲ್ಲದವನು ನಾನು. ಬೇಕಾದಷ್ಟು ಬೈಯಿರಿ, ನಾನು ಅದಕ್ಕೆ ಯೋಗ್ಯ. ಆದರೆ ಗಟ್ಟಿಯಾಗಿ ಓದಿಸಿ ನಕ್ಕೆವು ಎಂದಿರಲ್ಲ, ಅದೊಂದು ಮಾತ್ರ ನಿಜವಲ್ಲ. ಇಲ್ಲಿ ಯಾರೂ ನಗಲಿಲ್ಲ.

ಬರಬೇಡಿ ಎಂದದ್ದಕ್ಕೆ ಕಾರಣ ಕೇಳಬೇಡಿ. ನೀವು ತಿಳಿದುಕೊಂಡದ್ದೇ ಕಾರಣ ಎಂದು ಇಟ್ಟುಕೊಳ್ಳಿ.

ಬೈಯುವ ಕಾಗದವನ್ನೇ ಬರೆಯಿರಿ. ಮಧ್ಯದಲ್ಲಿ ಎಲ್ಲಾದರೂ ಒಂದು ಕಡೆ, ಆ ದಿನ ಏನು ಮಾಡಿದಿರಿ ಎಂದು ಸೇರಿಸಿ.

ಮೈದುನ


ಮೇ ೧೯

ಅತ್ತಿಗೆ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಲಗಿ ಬರೆದರೆ ಪೆನ್ನಿನ ಶಾಯಿ ಇಳಿಯುವುದಿಲ್ಲ.

ಪಕ್ಕದ ತಾತ ಹೋದ ವಾರ ಮಂಚ ಖಾಲಿ ಮಾಡಿದರು. ಹೋಗುವ ಮುಂಚಿನ ದಿನ, “ಬೆಣ್ಣೆಯ ಕಾಗದ ಬಂತಾ?” ಎಂದು ಕೇಳಿದರು. ಬರುತ್ತದೆ ಎಂದು ಸನ್ನೆ ಮಾಡಿದೆ.

ಆಲೂಗಡ್ಡೆ ಹಳೆಯದಾಗುತ್ತಾ ಬಂತು, ಅತ್ತಿಗೆ. ಬಾಯಿಪಾಠವಾಗಿಬಿಟ್ಟಿದೆ.

ಮೈದುನ


ಜೂನ್ ೨

ಅತ್ತಿಗೆ,

ಚಹಾ ಆದರೂ ಸಾಕು. ಒಂದೆರಡು ಸಾಲು ಸಾಕು.


ಜೂನ್ ೨೨

ಹೊಟ್ಟೆಬಾಕನಿಗೆ,

ನಿನ್ನ ಮೂರೂ ಕಾಗದ ನನ್ನ ಮುಂದಿವೆ. ಮೊದಲನೆಯದನ್ನು ಓದಿ ಸಿಟ್ಟು ಇಮ್ಮಡಿಯಾಯಿತು, ತಪ್ಪು ಒಪ್ಪಿಕೊಂಡೂ ಕಾರಣ ಹೇಳದವನ ಮೇಲೆ ಸಿಟ್ಟು ಬರದೆ ಇನ್ನೇನು? ಉಳಿದೆರಡನ್ನು ಬಿಡಿಸದೆ ಹಿಟ್ಟಿನ ಡಬ್ಬದ ಕೆಳಗೆ ತಳ್ಳಿದ್ದೆ. ಒಲೆ ಮತ್ತೆ ಆರಿತು. ಎಂಟು ವಾರ ಬ್ರೆಡ್ಡು, ನೀರು.

ನಿನ್ನೆ ಟೀಚರಮ್ಮ ಬಂದು ಅಡುಗೆಮನೆ ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. “ಅವರು ಒಂದು ಸುಳ್ಳು ಹೇಳಿದರು, ಸರಿ. ನೀವು ಒಂದು ವರ್ಷದಿಂದ ಅವರಿಗೆ ಹೇಳ್ತಿರೋದೇನು?” ಎಂದರು. ಅವರು ಹೋದ ಮೇಲೆ ಕಾಗದಗಳನ್ನು ಬಿಡಿಸಿದೆ. ಪೆನ್ಸಿಲಿನ ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದೆ. ಮಲಗಿ ಯಾಕೆ ಬರೆಯುತ್ತಿದ್ದೀಯೋ? ಕಾಲಿಗೇನಾದರೂ ಪೆಟ್ಟಾಗಿದೆಯಾ?

ಈಗ ನನ್ನ ಸುಳ್ಳು ಕೇಳು. ನನಗೆ ರುಚಿಯಿಲ್ಲ, ವಾಸನೆಯಿಲ್ಲ. ಜ್ವರ ಬಂದಾಗಿನಿಂದ. ಉಪ್ಪು ಸಕ್ಕರೆ ಗೊತ್ತಾಗದೆ ಹೋದದ್ದು ಅದಕ್ಕೇ. ನೀನು ಕವಿ ಎಂದೆಯಲ್ಲ, ನಾಲಿಗೆ ಸತ್ತವಳು ಕಣ್ಣು ಕಿವಿಯಲ್ಲಿ ಉಣ್ಣುತ್ತಿದ್ದಳು, ಅಷ್ಟೆ. ಹಾಗೆ ಉಂಡದ್ದೂ ನೀನು ಕೇಳಿದೆ ಎಂದು. ನಿನಗೆ ಬರೆಯುವುದಿದ್ದ ದಿನ ಮಾತ್ರ ಈ ಮನೆಯಲ್ಲಿ ಅಡುಗೆಯಾಗಿದೆ. ನಾನು ನಿನಗೆ ಉಣ್ಣಿಸುತ್ತಿದ್ದೇನೆ ಎಂದುಕೊಂಡಿದ್ದೆ. ನನಗೆ ನೀನು ಉಣ್ಣಿಸುತ್ತಿದ್ದೆ ಎನ್ನುವುದು ಈ ಎಂಟು ವಾರದಲ್ಲಿ ತಿಳಿಯಿತು.

ಇವತ್ತು ಬೆಳಿಗ್ಗೆ ಎದ್ದು ಪಾತ್ರೆ ತಿಕ್ಕಿದೆ. ಒಂದು ಲೋಟ ಹಾಲು ಸಣ್ಣ ಉರಿಯ ಮೇಲಿಟ್ಟೆ. ಪಕ್ಕದಲ್ಲೇ ನಿಂತೆ, ನನ್ನ ಮೂಗನ್ನು ನಂಬುವ ಹಾಗಿಲ್ಲವಲ್ಲ. ಅಂಚಿನಲ್ಲಿ ಮಣಿಸರದ ಹಾಗೆ ಗುಳ್ಳೆ ಬಂದವು. ಮೇಲೆ ತೆಳ್ಳಗೆ ಕೆನೆ ಕಟ್ಟಿ ನಡುವೆ ಒಂದು ಸುಕ್ಕು ಬಿತ್ತು. ಆ ಕೆನೆಗಾಗಿ ನೀನೂ ನಿನ್ನ ಅಣ್ಣನೂ ಜಗಳವಾಡುತ್ತಿದ್ದಿರಿ, ಕೊನೆಗೆ ಅವರು ಸೋತವರಂತೆ ನಟಿಸುತ್ತಿದ್ದರು. ಬ್ರೆಡ್ಡನ್ನು ಕೈಯಲ್ಲಿ ಮುರಿದು, ಸಕ್ಕರೆ ಉದುರಿಸಿ (ಬಲಗಡೆಯದೇ, ಎರಡು ಸಲ ನೋಡಿದೆ) ಬಿಸಿ ಹಾಲು ಸುರಿದೆ. ಬ್ರೆಡ್ಡು ಮೊದಲು ತೇಲಿತು, ಆಮೇಲೆ ನಿಟ್ಟುಸಿರು ಬಿಟ್ಟ ಹಾಗೆ ಮುಳುಗಿತು. ಕೆನೆಯನ್ನು ಚಮಚದಲ್ಲಿ ಎತ್ತಿ ನಿನಗೆಂದು ತಟ್ಟೆಯ ಅಂಚಿಗೆ ಇಟ್ಟಿದ್ದೇನೆ. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ.

ನನ್ನ ಸಿಟ್ಟನ್ನು ಮರೆತುಬಿಡು. ನೀನು ಬೇಡವೆಂದರೂ ಮುಂದಿನ ವಾರ ರೈಲು ಹತ್ತುತ್ತೇನೆ. ಡಬ್ಬಿ ತರುವುದಿಲ್ಲ, ಬರಿಗೈಲಿ ಬರುತ್ತೇನೆ.

ಅತ್ತಿಗೆ


ಜೂನ್ ೨೭

ಅಮ್ಮನವರಿಗೆ,

ನಾನು ಬೈಂಡಿಂಗ್ ಅಂಗಡಿಯ ಮೇಸ್ತ್ರಿ. ಬರವಣಿಗೆ ನನಗೆ ಅಭ್ಯಾಸವಿಲ್ಲ, ಬೇರೆಯವರು ಬರೆದದ್ದನ್ನು ಹೊಲಿಯುವವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಗದ ಗುರುವಾರ ಬಂತು. ನಿಮ್ಮ ಮೈದುನ ಅದರ ಹಿಂದಿನ ಶನಿವಾರ ತೀರಿಕೊಂಡ. ತಂತಿ ಕೊಡಲೆಂದು ಎರಡು ಸಲ ಅಂಚೆ ಕಚೇರಿಯ ಬಾಗಿಲಿಗೆ ಹೋಗಿ ವಾಪಸ್ ಬಂದೆ. ನಾಲ್ಕು ಪದದಲ್ಲಿ ಏನು ಹೇಳಲಿ?

ಅವನಿಗೆ ಅವನ ಅಣ್ಣನಿಗೆ ಬಂದದ್ದೇ ಬಂದಿತ್ತು. ಗಂಟಲಲ್ಲಿ. ಜನವರಿಯಿಂದ ಆಸ್ಪತ್ರೆಯಲ್ಲಿದ್ದ. ಬಾಯಿಂದ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ, ಹೊಟ್ಟೆಗೆ ನಳಿಗೆ ಹಾಕಿದ್ದರು. ನಿಮಗೆ ಹೇಳೋಣ ಎಂದು ನಾನು ಬೇಡಿಕೊಂಡೆ. ಆಗಿನ್ನೂ ಒಂದಿಷ್ಟು ದನಿಯಿತ್ತು. “ಬೇಡ ಮೇಸ್ತ್ರಿ. ಅತ್ತಿಗೆ ಬಂದರೆ ಗಂಜಿ ಮಾಡ್ತಾರೆ. ಬಟ್ಟಲು ವಾಪಸ್ ಹೋಗುತ್ತೆ. ಇನ್ನೊಂದು ಸಲ ಅವರಿಗೆ ಅದು ಬೇಡ” ಎಂದು ನನ್ನ ಕೈ ಮೇಲೆ ಆಣೆ ಹಾಕಿಸಿಕೊಂಡ. ನಾನು ಆಣೆ ಮುರಿಯಬೇಕಿತ್ತು. ಮುರಿಯಲಿಲ್ಲ, ಅದು ನನ್ನ ತಲೆಯ ಮೇಲೆ ಇರುತ್ತದೆ.

ಬಿಸ್ಕತ್ತಿನ ಡಬ್ಬಿಯನ್ನು ಅವನು ಯಾರಿಗೂ ಕೊಟ್ಟಿಲ್ಲ, ಎಸೆದಿಲ್ಲ. ದಿಂಬಿನ ಪಕ್ಕದಲ್ಲಿತ್ತು. ದಿನಾ ನಾಲ್ಕು ಗಂಟೆಗೆ ಮುಚ್ಚಳ ತೆಗೆದು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದ, ಆಮೇಲೆ ಮುಚ್ಚಿಡುತ್ತಿದ್ದ. ಸಿಹಿ ಹದವಾಗಿದೆ ಎಂದು ಬರೆದದ್ದು ಆ ವಾಸನೆಯ ಮೇಲೆ. ಉಪ್ಪಿಗೆ ವಾಸನೆ ಇರುವುದಿಲ್ಲವಲ್ಲ, ಅಮ್ಮಾ. ನಿಮ್ಮ ಸಿಟ್ಟಿನ ಕಾಗದ ಓದಿ ಅವನು ದನಿಯಿಲ್ಲದೆ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅದು ನಗುವೋ ಏನೋ ಈಗ ನನಗೆ ಗೊತ್ತಿಲ್ಲ.

ನಿಮ್ಮ ಕಾಗದಗಳ ಪುಸ್ತಕ ಕಳಿಸುತ್ತಿದ್ದೇನೆ. ಹೊಲಿಗೆ ಪೂರ್ತಿ ಅವನದೇ. ಬೈದ ಕಾಗದವನ್ನೂ ಸೇರಿಸಿದ್ದಾನೆ. ಅದರ ಮುಂದೆ ಹದಿನಾರು ಖಾಲಿ ಹಾಳೆ ಹೊಲಿದಿದ್ದಾನೆ. ಇಷ್ಟು ಖಾಲಿ ಯಾಕೋ ಎಂದು ಕೇಳಿದ್ದಕ್ಕೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ, ‘ಸಿಟ್ಟು ಇಳಿದ ಮೇಲೆ ಬರೀತಾರೆ.’

ನೀವು ಬರೆದ ಹಾಲು ಬ್ರೆಡ್ಡನ್ನು ಅವನ ಮಂಚ ಇದ್ದ ಕಡೆ ನಿಂತು ಒಂದು ಸಲ ಗಟ್ಟಿಯಾಗಿ ಓದಿದೆ. ಅಲ್ಲಿ ಈಗ ಬೇರೆಯವರಿದ್ದಾರೆ.

ಡಬ್ಬಿಯನ್ನೂ ಜೊತೆಗೇ ಕಳಿಸುತ್ತಿದ್ದೇನೆ.

ಮೇಸ್ತ್ರಿ


ಜುಲೈ ೧೧

ಮೇಸ್ತ್ರಿಯವರಿಗೆ,

ರೈಲು ಹತ್ತುವ ಹಿಂದಿನ ದಿನ ನಿಮ್ಮ ಕಾಗದ ಕೈಗೆ ಬಂತು. ಪುಸ್ತಕ ತಲುಪಿತು, ಡಬ್ಬಿ ತಲುಪಿತು. ನಿಮ್ಮ ತಲೆಯ ಮೇಲೆ ಏನೂ ಇಟ್ಟುಕೊಳ್ಳಬೇಡಿ. ಆಣೆ ನಿಮ್ಮದು, ಎಂಟು ವಾರ ನನ್ನದು.

ಪುಸ್ತಕವನ್ನು ಇನ್ನೂ ತೆರೆದಿಲ್ಲ. ಖಾಲಿ ಹಾಳೆಗಳಿವೆ ಎಂದು ಗೊತ್ತಾದ ಮೇಲೆ ಕೈ ಹೋಗುತ್ತಿಲ್ಲ. ಬರೆಯಲು ನನ್ನಲ್ಲಿ ಈಗ ಏನೂ ಇಲ್ಲ. ಒಲೆಯ ಮೇಲೆ ಇದ್ದ ಪಾತ್ರೆಗಳನ್ನು ಟೀಚರಮ್ಮ ತೆಗೆದು ಬೋರಲು ಹಾಕಿ ಹೋಗಿದ್ದಾರೆ.

ಡಬ್ಬಿ ತೆರೆದೆ. ಇಪ್ಪತ್ತನಾಲ್ಕೂ ಇದ್ದವು. ನನ್ನ ಕೈಯ ಬಟ್ಟಲು ನನಗೆ ವಾಪಸ್ ಬರಬಾರದೆಂದು ಅವನು ಎಷ್ಟೆಲ್ಲ ಮಾಡಿದ. ಕೊನೆಗೂ ಬಂತು. ತುಂಬಿದ್ದು ತುಂಬಿದ ಹಾಗೆ.

ಡಬ್ಬಿಯ ಬಾಯಿಗೆ ಮುಖ ಇಟ್ಟು ಬಹಳ ಹೊತ್ತು ಕೂತೆ. ನಾಲ್ಕು ಗಂಟೆಗೂ ಹಿಡಿದು ನೋಡಿದೆ, ಅವನು ಹಿಡಿಯುತ್ತಿದ್ದ ಹಾಗೆ. ನನ್ನ ಮೂಗಿಗೆ ಏನೂ ಬರಲಿಲ್ಲ, ತಗಡಿನ ತಂಪು ಮಾತ್ರ ಕೆನ್ನೆಗೆ ತಾಕಿತು. ಆಮೇಲೆ ಒಂದನ್ನು ತಿಂದೆ. ನಾಲಿಗೆ ಸ್ವಲ್ಪ ಚುರುಗುಟ್ಟಿತು. ಉಪ್ಪೋ ಸಿಹಿಯೋ ನನಗೆ ತಿಳಿಯಲಿಲ್ಲ. ಪೂರ್ತಿ ತಿಂದೆ.

ನಿಮ್ಮನ್ನು ಒಂದು ಕೇಳುವುದಿದೆ. ಅವನು ಮುಚ್ಚಳ ತೆಗೆದಾಗ ನೀವು ಪಕ್ಕದಲ್ಲಿ ಇರುತ್ತಿದ್ದಿರಲ್ಲ. ಆ ವಾಸನೆ ಹೇಗಿತ್ತು ಎಂದು ಬರೆದು ಕಳಿಸುತ್ತೀರಾ? ಒಂದೆರಡು ಸಾಲು ಸಾಕು.